ಟ್ಯಾಂಕಿಗೆ ಬಿಟ್ಟ ಪಲ್ಪರ್ ನೀರು

ನಮ್ಮ ಮನೆಯಲ್ಲಿ ಅಡುಗೆಮನೆ ನನ್ನದು, ತೋಟ ಇಬ್ಬರದು, ಸೆಪ್ಟಿಕ್ ಟ್ಯಾಂಕು ಮಾತ್ರ ನಮ್ಮ ಯಜಮಾನರೊಬ್ಬರದೇ. ಬಾಳೂರಿನ ಈ ಇಳಿಜಾರಿನಲ್ಲಿ ಮನೆ ಕಟ್ಟಿಸುವಾಗ ಗಂಡಸರೆಲ್ಲ ಮುಂಬಾಗಿಲಿನ ಕೆತ್ತನೆ ನೋಡಿಕೊಂಡು ನಿಂತರೆ, ಇವರು ಹಿತ್ತಲ ಗುಂಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಒಂದೊಂದು ಇಟ್ಟಿಗೆಯನ್ನೂ ಎಣಿಸಿ ಕಟ್ಟಿಸಿದ್ದರು. ಆಮೇಲೆ ಶುರುವಾಯಿತು ನೋಡಿ ಕಾನೂನು. ಬಚ್ಚಲಿಗೆ ಫಿನಾಯಿಲ್ ಸುರಿಯಬಾರದು. ಆಸಿಡ್ ಬಾಟಲಿ ಮನೆಯೊಳಗೇ ತರಬಾರದು. ಎಣ್ಣೆ ಜಿಡ್ಡಿನ ನೀರು ಬಾಳೆಬುಡಕ್ಕೆ ಹೋಗಬೇಕೇ ಹೊರತು ಟ್ಯಾಂಕಿಗಲ್ಲ.

"ಅದ್ರೊಳಗೆ ಕಣ್ಣಿಗೆ ಕಾಣ್ದಿರೋ ಹುಳ ಇರ್ತವೆ ಮಾರಾಯ್ತಿ. ಅವು ಕೆಲ್ಸ ಮಾಡ್ಬೇಕಂದ್ರೆ ನಾವು ತೊಂದ್ರೆ ಕೊಡ್ಬಾರ್ದು" ಎನ್ನುವರು.

"ಹಂಗಾದ್ರೆ ಬೆಳಿಗ್ಗೆ ನಿಮ್ಮ ಹುಳಗಳಿಗೆ ತಿಂಡಿ ಏನು ಮಾಡ್ಲಿ? ಕಡುಬೋ, ಅಕ್ಕಿ ರೊಟ್ಟಿಯೋ?" ಎಂದು ನಾನು ಕೇಳುವೆ. ನೆಂಟರೆದುರಿಗೂ ಕೇಳಿದ್ದೇನೆ. ಅವರು ನಗುತ್ತಿದ್ದರು, ಕಾನೂನು ಮಾತ್ರ ಸಡಿಲಿಸುತ್ತಿರಲಿಲ್ಲ.

ಹೋದ ಕೊಯ್ಲಿನಲ್ಲಿ ಇವರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಹತ್ತು ದಿನ ಚಿಕ್ಕಮಗಳೂರಿನಲ್ಲಿ ತಮ್ಮ ತಂಗಿಯ ಮನೆಯಲ್ಲಿ ಉಳಿದರು. ತೋಟ, ಆಳು, ಪಲ್ಪರ್ ಎಲ್ಲ ನನ್ನ ತಲೆಗೆ ಬಂತು. ಪಲ್ಪರಿಗೆ ಹಾಕಿ ಕಾಫಿ ಹಣ್ಣಿನ ಸಿಪ್ಪೆ ಸುಲಿದ ಮೇಲೆ ಉಳಿಯುವ ನೀರಿದೆಯಲ್ಲ, ಅದು ಎರಡೇ ದಿನಕ್ಕೆ ಹುಳಿಯೆದ್ದು ಗಬ್ಬು ನಾರುತ್ತದೆ. ಅದನ್ನು ಇಂಗಿಸಲು ತೋಟದ ಕೆಳಗೆ ಒಂದು ಗುಂಡಿ ಇತ್ತು. ಇವರು ಹೋದ ಮೂರನೇ ದಿನಕ್ಕೆ ಆ ಗುಂಡಿಯ ದಂಡೆ ಒಡೆದು ನೀರು ಹಳ್ಳಕ್ಕೆ ಇಳಿಯಿತು. ಸಂಜೆಯೊಳಗೆ ಕೆಳಗಿನ ತೋಟದವರು ನಮ್ಮ ಅಂಗಳದಲ್ಲಿ ಹಾಜರು.

"ಇನ್ನೊಂದು ತೊಟ್ಟು ನಮ್ ಹಳ್ಳಕ್ಕೆ ಬಂದ್ರೆ ದೂರು ಬರೆದು ಹಾಕ್ತೀನಿ, ನೋಡ್ತಿರಿ" ಎಂದು ಕೂಗಾಡಿದರು.

"ನಿಮ್ ತೋಟದಿಂದ ಇಳಿಯೋದೇನು ಪನ್ನೀರಾ?" ಎಂದು ನಾನೂ ಬಿಡಲಿಲ್ಲ.

ಬಾಯಲ್ಲಿ ಗೆದ್ದೆ, ಸರಿ. ನೀರು ಎಲ್ಲಿಗೆ ಬಿಡುವುದು? ಹೊಸ ಗುಂಡಿ ತೆಗೆಯಲು ಆ ಹೊತ್ತಿನಲ್ಲಿ ಒಬ್ಬ ಆಳೂ ಸಿಗುವಂತಿರಲಿಲ್ಲ. ಹಣ್ಣು ಕೊಯ್ದದ್ದು ಕೊಯ್ದ ದಿನವೇ ಪಲ್ಪ್ ಆಗಬೇಕು, ಕಾಯುವುದಿಲ್ಲ. ಮಾರನೇ ಬೆಳಿಗ್ಗೆ ನಾನೇ ಪೈಪು ಎಳೆದು, ತಿರುವಿಗೆ ಒಂದು ಎಲ್ಬೋ ಸಿಕ್ಕಿಸಿ, ಬಚ್ಚಲ ಹಿಂದಿನ ಚೇಂಬರಿಗೆ ಕೊಟ್ಟೆ. ಅಲ್ಲಿಂದ ಅದು ನೆಟ್ಟಗೆ ಸೆಪ್ಟಿಕ್ ಟ್ಯಾಂಕಿಗೆ. ಒಂದು ವಾರ ತಾನೇ, ಏನಾಗುತ್ತದೆ ಎಂದುಕೊಂಡೆ. ಯಾರ ಕಣ್ಣಿಗೂ ಬೀಳದ ಹಾಗೆ ಪೈಪಿನ ಮೇಲೆ ಒಣ ಎಲೆ ಎಳೆದೆ. ಇವರು ಬರುವ ಹಿಂದಿನ ದಿನ ಹೇಗೋ ಇಬ್ಬರು ಆಳು ಸಿಕ್ಕಿ ಹೊಸ ಗುಂಡಿಯಾಯಿತು, ಪೈಪು ಕಿತ್ತು ಕೊಟ್ಟಿಗೆಗೆ ಹಾಕಿದೆ. ಇವರಿಗೆ ಹೇಳಲಿಲ್ಲ. ಅಷ್ಟು ವರ್ಷ ಅವರ ಹುಳಗಳನ್ನು ಆಡಿಕೊಂಡವಳು ಯಾವ ಮುಖ ಇಟ್ಟುಕೊಂಡು ಹೇಳಲಿ?

ತಿಂಗಳು ಕಳೆಯುವಷ್ಟರಲ್ಲಿ ಬಚ್ಚಲ ನೀರು ಹೋಗುವುದು ನಿಧಾನವಾಯಿತು. ಕಮೋಡಿನಲ್ಲಿ ಗುಳುಗುಳು ಸದ್ದು. ಆಮೇಲೆ ಒಂದು ಬೆಳಿಗ್ಗೆ ಬಚ್ಚಲ ನೆಲದ ಜಾಲರಿಯಿಂದ ಕಪ್ಪು ನೀರು ಮೇಲಕ್ಕೆ ಬಂತು. ಇವರು ಪಂಚೆ ಎತ್ತಿ ಕಟ್ಟಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಏನಾಯ್ತು ಇದಕ್ಕೆ? ಇಷ್ಟು ವರ್ಷ ಒಂದಿನ ತೊಂದ್ರೆ ಕೊಟ್ಟಿಲ್ವಲ್ಲ" ಎಂದು ನನ್ನ ಮುಖ ನೋಡಿದರು. ನಾನು ಒರೆಸುವ ಬಟ್ಟೆ ತರಲು ಒಳಗೆ ಹೋದೆ.

ಮರುದಿನ ಮಾವನವರ ತಿಥಿ. ಮೂವತ್ತು ಜನ ನೆಂಟರು ಬರುವವರಿದ್ದರು. ಮೂಡಿಗೆರೆಯಿಂದ ಟ್ಯಾಂಕಿನ ಹೊಲಸು ಎಳೆಯುವ ಗಾಡಿ ಕರೆಸಿದೆವು. ಗಾಡಿಯವನು ಮಧ್ಯವಯಸ್ಸಿನವನು, ಮಾತು ಕಮ್ಮಿ. ಕಾಂಕ್ರೀಟ್ ಮುಚ್ಚಳ ಸರಿಸಿ, ಕೊಳವೆ ಇಳಿಸಿ, ಅರ್ಧಕ್ಕಿಂತ ಹೆಚ್ಚು ಎಳೆದ. ಅಷ್ಟಕ್ಕೇ ಅವನ ಗಾಡಿ ತುಂಬಿತು. ಇವರು ಆಗ ಕೊಯ್ಲಿನವರ ಹತ್ತಿರ ತೋಟದೊಳಗಿದ್ದರು. ಅವನು ಕೊಳವೆಯ ಬಾಯಿಗೆ ಅಂಟಿದ್ದನ್ನು ಕಡ್ಡಿಯಿಂದ ಬಿಡಿಸಿ ನನಗೆ ತೋರಿಸಿದ.

"ಅಕ್ಕ, ಇದ್ರಲ್ಲಿ ಕಾಫಿ ಸಿಪ್ಪೆ ಹೆಂಗೆ ಬಂತು?"

"ಯಾರಿಗ್ಗೊತ್ತು" ಎಂದೆ.

ಅವನು ಎರಡನೇ ಸಲ ಕೇಳಲಿಲ್ಲ. ಕೈ ತೊಳೆದುಕೊಂಡು ಹೇಳಿದ: "ಅಡಿಯಲ್ಲಿ ಗಟ್ಟಿಯಾಗಿದೆ. ಇದನ್ನ ಖಾಲಿ ಮಾಡಿ ಹನ್ನೆರಡರೊಳಗೆ ಬರ್ತೀನಿ, ನೀರು ಬಿಟ್ಟು ಮೇಲಿಂದಾನೇ ಕಲಕಿ ಎಳೆಯೋಣ. ಅಲ್ಲೀತನಕ ಯಾರೂ ಹತ್ರ ಬರೋದು ಬೇಡ. ಇಳಿಯೋದಂತೂ ಬೇಡ್ವೇ ಬೇಡ. ಪಲ್ಪರ್ ನೀರು ಹೋಗಿದ್ರೆ ಗ್ಯಾಸು ಕೆಟ್ಟದು. ವಾಸನೆ ಬರ್ತಿದ್ರೆ ಪರವಾಗಿಲ್ಲ ಅಕ್ಕ, ವಾಸನೆ ನಿಂತೋಯ್ತು ಅಂದ್ರೆ ಮೂಗು ಸತ್ತಿದೆ ಅಂತ. ಆಮೇಲೆ ಮನುಷ್ಯನೂ ನಿಲ್ಲಲ್ಲ." ಬಾಯಿಗೆ ತಗಡು ಮುಚ್ಚಿ, ಮೇಲೆ ಕಲ್ಲಿಟ್ಟು ಹೋದ.

ಹನ್ನೆರಡಾಯಿತು, ಒಂದಾಯಿತು. ಫೋನು ಹತ್ತುತ್ತಿಲ್ಲ. ನಮ್ಮ ಕಡೆ ಸಿಗ್ನಲ್ಲು ಬಂದರೆ ಬಂತು, ಇಲ್ಲವಾದರೆ ಇಲ್ಲ. ಎರಡು ಗಂಟೆಗೆ ಇವರ ತಾಳ್ಮೆ ಮುಗಿಯಿತು. ಟ್ಯಾಂಕಿನ ನೀರು ಇಂಗುಗುಂಡಿಗೆ ಹೋಗುವ ಪೈಪಿನ ಬಾಯಿ ಒಳಗಿಂದ ಕಟ್ಟಿದೆ, ಹಾರೆಯಿಂದ ಬಿಡಿಸಿದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬುದು ಅವರ ಲೆಕ್ಕ. ಕೊಟ್ಟಿಗೆಯಿಂದ ಬಿದಿರಿನ ಏಣಿ ತಂದರು.

ನಾನು ಏಣಿಗೆ ಕೈ ಅಡ್ಡ ಹಿಡಿದೆ. "ಬ್ಯಾಡ ಕಣ್ರೀ, ಗಾಡಿಯವನು ಇಳೀಬೇಡಿ ಅಂದಿದಾನೆ."

"ಅವ್ರು ಎಲ್ಲ ಕಡೆ ಹಂಗೇ ಹೇಳೋದು. ಊರ ಟ್ಯಾಂಕು ನೋಡಿ ನೋಡಿ ಅಭ್ಯಾಸ. ಇದು ನನ್ ಟ್ಯಾಂಕು, ಇದಕ್ಕೆ ಒಂದು ತೊಟ್ಟು ಬೇರೆ ನೀರು ಹೋಗಿಲ್ಲ, ನಂಗೊತ್ತಿಲ್ವಾ?"

"ಕಣ್ಣು ಆಪರೇಷನ್ ಆಗಿದೆ."

"ಕಣ್ಣಲ್ಲಿ ಹಾರೆ ಹಿಡಿತೀನಾ?"

"ತಿಥಿ ಹಿಂದಿನ ದಿನ ಮೈಲಿಗೆ ಬೇರೆ."

"ಸ್ನಾನ ಮಾಡಿದ್ರಾಯ್ತು."

"ಹಂಗಾದ್ರೆ ಯಾರನ್ನಾದ್ರೂ..." ಎಂದು ಅರ್ಧಕ್ಕೆ ನಿಲ್ಲಿಸಿದೆ. ಇವರು ಏಣಿ ಕೆಳಗಿಟ್ಟು ನನ್ನನ್ನು ನೋಡಿದರು. "ಇನ್ನೊಬ್ಬನ್ನ ಇದ್ರೊಳಗೆ ಇಳಿಸ್ಲಾ? ನಮ್ ಹೇಲಿಗೆ?" ಎಂದರು. ಇಂಥ ಮನುಷ್ಯನಿಗೆ ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು, ಅದೊಂದನ್ನು ಬಿಟ್ಟು ಉಳಿದಿದ್ದೆಲ್ಲ ಹೇಳುತ್ತಿದ್ದೆ. ಛೀ, ಈಗ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯಲು ಇಳಿಯುವವರದು ಒಂದು ಪದ್ಧತಿ. ಹಲಸಿನ ಕೊಂಬೆಗಳನ್ನು ಕಂತೆ ಕಟ್ಟಿ, ಹಗ್ಗದಲ್ಲಿ ಬಾವಿಗೆ ಇಳಿಬಿಟ್ಟು, ಮೇಲೆ ಕೆಳಗೆ ಮೇಲೆ ಕೆಳಗೆ ಎಂದು ಎಳೆದಾಡುತ್ತಾರೆ. ಒಳಗೆ ನಿಂತ ಕೆಟ್ಟ ಗಾಳಿ ಎದ್ದು ಹೊರಗೆ ಹೋಗುತ್ತದೆ. ಮಾವನವರು ಹಾಗೆ ಮಾಡಿ ಎಷ್ಟೋ ಬಾವಿ ಇಳಿದವರು, ಇವರಿಗೂ ಕಲಿಸಿದ್ದರು. ಇವರು ತಗಡು ಸರಿಸಿ, ಮನೆ ಹಿಂದಿನ ಹಲಸಿನ ಕೊಂಬೆ ಕಡಿದು ಕಂತೆ ಕಟ್ಟಿ ಟ್ಯಾಂಕಿಗೆ ಬಿಟ್ಟರು.

ಬಾವಿಯ ಅಡಿಯಲ್ಲಿ ತಣ್ಣಗಿನ ನೀರಿರುತ್ತದೆ. ಇಲ್ಲಿ ಇದ್ದದ್ದು ತಿಂಗಳಿಡೀ ಹುಳಿ ಬಂದ ಕೆಸರು. ಕಂತೆ ಧೊಪ್ಪೆಂದು ಬಿದ್ದು ಮೇಲಿನ ಕೆನೆ ಒಡೆಯಿತು, ಕೆಳಗಿನದೆಲ್ಲ ಕಲಕಿ ಮೇಲೆದ್ದಿತು. ಕೊಳೆತ ಮೊಟ್ಟೆಯ ವಾಸನೆ ನನ್ನ ಗಂಟಲಿಗೇ ಬಡಿಯಿತು. ಇವರು ಮುಖ ಆಚೆ ತಿರುಗಿಸಿಕೊಂಡು ಇನ್ನೂ ಜೋರಾಗಿ ಕಂತೆ ಆಡಿಸಿದರು. "ಬರ್ಲಿ ಬರ್ಲಿ, ಎಲ್ಲ ಹೊರಗೆ ಬರ್ಲಿ" ಎನ್ನುತ್ತಿದ್ದರು.

ಆಗ ನಾನು ಮಾಡಿದ್ದು ಒಂದೇ ಒಳ್ಳೆಯ ಕೆಲಸ. "ಹಗ್ಗ ಕಟ್ಕೊಂಡ್ರೆ ಇಳೀರಿ, ಇಲ್ಲಾಂದ್ರೆ ನಾನೂ ನಿಮ್ ಹಿಂದೇನೇ ಇಳಿತೀನಿ" ಎಂದು ಹಟ ಹಿಡಿದೆ. ಮೂಟೆ ಕಟ್ಟುವ ದಪ್ಪ ಹಗ್ಗವನ್ನು ಅವರ ಕಂಕುಳಡಿಗೆ ನಾನೇ ಸುತ್ತಿ ಗಂಟು ಹಾಕಿದೆ. ಇನ್ನೊಂದು ತುದಿಯನ್ನು ಪಕ್ಕದ ಸಿಲ್ವರ್ ಓಕ್ ಮರಕ್ಕೆ ಬಿಗಿದೆ. ಗಂಟು ಹಾಕುವಾಗ ಅವರ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಹೇಳು, ಈಗ ಹೇಳು ಎಂದು ಒಳಗೆ ಮನಸ್ಸು ಬಡಿದುಕೊಳ್ಳುತ್ತಿತ್ತು. ನಾಲ್ಕಾರು ಮೆಟ್ಟಿಲು ತಾನೇ, ಇಳಿದು ಬಂದುಬಿಟ್ಟರೆ ಹೇಳುವ ಪ್ರಮೇಯವೇ ಬರುವುದಿಲ್ಲ ಎಂದೂ ಅದೇ ಮನಸ್ಸು ಹೇಳಿತು. ಅವರು ನನ್ನ ಭುಜ ಒಮ್ಮೆ ತಟ್ಟಿ ಏಣಿಯ ಮೇಲೆ ಕಾಲಿಟ್ಟರು.

ಒಂದು ಮೆಟ್ಟಿಲು. ಎರಡು. ಐದನೆಯದಕ್ಕೆ ತಲೆ ನೆಲದ ಮಟ್ಟಕ್ಕೆ ಬಂತು. ಆರನೆಯದಕ್ಕೆ ತಲೆ ಕಾಣದಾಯಿತು. ಕೆಮ್ಮಿದ್ದು ಕೇಳಿಸಿತು. ಹಾರೆ ಇಟ್ಟಿಗೆಗೆ ತಾಗಿದ ಸದ್ದು ಒಂದು ಸಲ, ಎರಡು ಸಲ. ಆಮೇಲೆ ಅವರ ದನಿ ಬಂತು, ಖುಷಿಯಿಂದಲೇ.

"ನೋಡ್ದ್ಯಾ, ಸೊಪ್ಪು ಆಡಿಸಿದ್ದಕ್ಕೆ ಗಾಳಿ ಶುದ್ಧ ಆಯ್ತು. ಈಗ ವಾಸನೇನೇ ಇಲ್ಲ."

ಹೊಟ್ಟೆಯೊಳಗಿಂದ ಕಿರುಚಿದೆ. "ರೀ, ಮೇಲೆ ಬನ್ನಿ! ಪಲ್ಪರ್ ನೀರು ಬಿಟ್ಟಿದೀನಿ ಇದಕ್ಕೆ! ನಾನೇ ಬಿಟ್ಟಿದ್ದು, ನೀವು ಚಿಕ್ಕಮಗಳೂರಲ್ಲಿದ್ದಾಗ! ಮೇಲೆ ಬನ್ರೀ!"

ಹಾರೆ ಬಿದ್ದ ಸದ್ದು. ಏಣಿ ಅಲುಗಿತು. ಅವರ ಒಂದು ಕೈ ಮೇಲೆ ಬಂದು ಟ್ಯಾಂಕಿನ ಅಂಚು ಹಿಡಿಯಿತು, ಮುಖವೂ ಮೇಲೆ ಕಂಡಿತು. ನನ್ನನ್ನೇ ನೋಡುತ್ತಿದ್ದರು. ಮಾತು ಕೇಳಿಸಿದೆ, ಅರ್ಥವೂ ಆಗಿದೆ. ಅಷ್ಟರಲ್ಲಿ ಆ ಕಣ್ಣು ತೇಲಿತು, ಬೆರಳು ಸಡಿಲವಾಯಿತು, ಹಗ್ಗ ಸೆಟೆದು ಬಿಗಿಯಿತು.

ನಾನು ಹಗ್ಗ ಹಿಡಿದು ಎಳೆದೆ. ಒಂದಿಂಚೂ ಬರಲಿಲ್ಲ. ಕಣದಲ್ಲಿ ಒಣಹಾಕಿದ ಪಾರ್ಚ್‌ಮೆಂಟ್ ಕಾಫಿ ಕೈಯಾಡಿಸುತ್ತಿದ್ದ ನಾಲ್ವರು ಹೆಂಗಸರು ನನ್ನ ಕೂಗಿಗೆ ಓಡಿ ಬಂದರು. ನಾನು ಬಗ್ಗಿ ಇವರ ಅಂಗಿ ಹಿಡಿಯಲು ಹೋದಾಗ ಆ ಹೆಂಗಸರಲ್ಲಿ ಹಿರಿಯಾಕೆ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದಳು. "ಬಗ್ಗಬ್ಯಾಡಿ ಅಮ್ಮ! ನೀವೂ ಬಿದ್ರೆ ಎಳಿಯೋರು ಯಾರು? ಹಗ್ಗ ಹಿಡೀರಿ!" ಐದು ಜನವೂ ಸಾಲಾಗಿ ನಿಂತು ಹಗ್ಗ ಹಿಡಿದೆವು. ಇವರು ಅಂಚಿಗೆ ಬಂದು ಸಿಕ್ಕಿಕೊಂಡರು, ಮತ್ತೆ ಎಳೆದೆವು. ಅವರ ಎದೆ ಕಾಂಕ್ರೀಟಿಗೆ ಉಜ್ಜಿ ಅಂಗಿ ಹರಿಯಿತು. ಹೊರಗೆ ಬಂದವರನ್ನು ಎತ್ತಿಕೊಂಡು ಗಾಳಿ ಬರುವ ಕಡೆ, ಕಣದ ಅಂಚಿಗೆ ತಂದು ಮಲಗಿಸಿದೆವು.

ತುಟಿ ನೀಲಿಯಾಗಿತ್ತು. ಉಸಿರು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ನಾನು ದೇವರನ್ನು ಕರೆಯಲಿಲ್ಲ. ಯಾವ ಮುಖದಲ್ಲಿ ಕರೆಯುವುದು? ಅವರ ಹೆಸರು ಹಿಡಿದು ಕೂಗಿದೆ, ಮದುವೆಯಾದ ಮೇಲೆ ಮೊದಲನೇ ಸಲ. ಹಿರಿಯಾಕೆ ಅವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ತಿಕ್ಕಿದಳು. ಎಷ್ಟು ಹೊತ್ತಾಯಿತೋ, ಒಮ್ಮೆ ದೊಡ್ಡದಾಗಿ ಉಸಿರೆಳೆದು ವಾಂತಿ ಮಾಡಿಕೊಂಡರು. ಆ ವಾಂತಿ ನನ್ನ ಸೀರೆಯ ಮೇಲೆ ಬಿದ್ದಾಗ ನಾನು ಗೊಳೋ ಎಂದು ಅತ್ತುಬಿಟ್ಟೆ.

ಗಾಡಿಯವನು ಅದೇ ಹೊತ್ತಿಗೆ ತಿರುವು ಹತ್ತಿ ಬಂದ. ಟೈರು ಪಂಕ್ಚರ್ ಆಗಿತ್ತಂತೆ. ಟ್ಯಾಂಕಿನ ತೆರೆದ ಬಾಯಿ, ಏಣಿ, ಸೊಪ್ಪಿನ ಕಂತೆ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡ. ಪಕ್ಕದ ತೋಟದ ಜೀಪು ಕರೆಸಿ, ಇವರನ್ನು ಹಿಂದಿನ ಸೀಟಿಗೆ ಎತ್ತಿ ಹಾಕಲು ಹೆಗಲು ಕೊಟ್ಟ.

ಮೂಡಿಗೆರೆ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿದರು. ಇನ್ನೆರಡು ನಿಮಿಷ ಒಳಗಿದ್ದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ನೆಂಟರಿಗೆಲ್ಲ ಫೋನು ಮಾಡಿ ನಾಳೆ ಬರಬೇಡಿ ಎಂದೆ. ಏನಾಯಿತು ಎಂದು ಕೇಳಿದವರಿಗೆ ಕಾಲು ಜಾರಿತು ಎಂದು ಹೇಳಲು ಬಾಯಿ ತೆರೆದೆ, ಆಗಲಿಲ್ಲ. ನಾನು ಮಾಡಿದ್ದನ್ನು ಮಾಡಿದ ಹಾಗೇ ನಾದಿನಿಗೆ ಹೇಳಿದೆ. ಆಕೆ ಫೋನಿಟ್ಟಳು.

ಸಂಜೆ ಐದರ ಹೊತ್ತಿಗೆ ಇವರಿಗೆ ಪೂರ್ತಿ ಎಚ್ಚರವಾಯಿತು. ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಅವರ ಕೈ ಹಿಡಿದುಕೊಂಡು ಕೂತಿದ್ದೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಮಾಸ್ಕು ಸ್ವಲ್ಪ ಸರಿಸಿದರು. ದನಿ ಗೊಗ್ಗರಾಗಿತ್ತು.

"ಹಗ್ಗ ಕಟ್ಟೋವಾಗ ನಿನ್ ಮುಖ ನೋಡ್ದೆ. ಬೆವರ್ತಿದ್ದೆ. ಪಾಪ, ನನ್ನ ಕಳಕೊಳ್ತೀನಿ ಅಂತ ಎಷ್ಟು ಹೆದ್ರಿದಾಳೆ ಅಂದ್ಕೊಂಡೆ."

ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಅವರೂ ನಂಬುತ್ತಿದ್ದರು.

"ಹೆದರಿಕೆ ಅಲ್ಲ ರೀ, ನಾಚಿಕೆ" ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಮಾಸ್ಕು ಮೂಗಿಗೆ ಸರಿಮಾಡಿಕೊಂಡು, ನನ್ನ ಕೈಯೊಳಗಿದ್ದ ತಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು.