ಗಂಜಿತಿಳಿಯ ಒಂದು ಹನಿ

ಮೂಡುಬಿದಿರೆಯ ನಮ್ಮ ಕಾಲೇಜಿನಲ್ಲಿ ಮಾಡಿದ ಮೈಕ್ರೋಸ್ಕೋಪ್ ಚಿತ್ರಗಳ ಪ್ರದರ್ಶನದ ಲೆಕ್ಕ ನನ್ನ ದಿನಚರಿಯಲ್ಲಿ ಹೀಗಿದೆ: ಬಂದವರು ೧೧೨, ಪ್ರಶ್ನೆ ಕೇಳಿದವರು ೩, ಒಂದು ಚಿತ್ರದ ಮುಂದೆ ಯಾರಾದರೂ ನಿಂತ ಅತಿ ಹೆಚ್ಚು ಹೊತ್ತು ೪೦ ಸೆಕೆಂಡು. ಅದೂ ಅವರಿಗೆ ಆಗ ಫೋನ್ ಬಂದಿದ್ದಕ್ಕೆ.

ಪಿಷ್ಟ ಮತ್ತು ಉಪ್ಪು ಬೆರೆತ ನೀರಿನ ಹನಿ ಗಾಜಿನ ಮೇಲೆ ಒಣಗುವಾಗ ಉಪ್ಪು ಜರಿಗಿಡದ ಎಲೆಯಂತೆ ಕವಲೊಡೆಯುತ್ತದೆ. ಯಾಕೆ ಹಾಗೆ ಎಂಬುದೇ ನಮ್ಮ ಸಂಶೋಧನೆ. ಮೈಕ್ರೋಸ್ಕೋಪಿನಲ್ಲಿ ಅದನ್ನು ಮೊದಲ ಸಲ ಕಂಡ ದಿನ ನಾನು ಊಟ ಮರೆತಿದ್ದೆ. ಇದನ್ನು ಊರೂರಿನವರೂ ನೋಡಬೇಕೆಂದು ನಾನು ಹಟ ಹಿಡಿದಾಗ ಗೈಡ್ ಸರ್ ಷರತ್ತು ಹಾಕಿದರು: “ಗುರುವಾಯನಕೆರೆಯಲ್ಲಿ ಒಬ್ಬರಾದರೂ ಐದು ನಿಮಿಷ ನಿಂತು ನೋಡಲಿ. ಮತ್ತೆ ಬೆಳ್ತಂಗಡಿಗೂ ಬಂಟ್ವಾಳಕ್ಕೂ ಮೈಕ್ರೋಸ್ಕೋಪ್ ಕೊಡ್ತೇನೆ. ಇಲ್ಲದಿದ್ರೆ ಅದು ಲ್ಯಾಬಿನಲ್ಲೇ ಇರ್ಲಿ.”

ಶನಿವಾರ ೮.೪೦ಕ್ಕೆ ಗುರುವಾಯನಕೆರೆ ವಾಚನಾಲಯದ ಹಾಲಿನಲ್ಲಿ, ಹನಿ ಒಣಗಿಸಿದ ಇಪ್ಪತ್ತನಾಲ್ಕು ಗಾಜಿನ ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಪ್ರೊಜೆಕ್ಟರಿನ ವೈರ್ ತರಲು ಹೋದೆ. ೯.೦೫ಕ್ಕೆ ಬಂದು ನೋಡಿದರೆ ಇಪ್ಪತ್ತನಾಲ್ಕೂ ಫಳಫಳ ಹೊಳೆಯುತ್ತಿದ್ದವು! ಹಾಲ್ ಗುಡಿಸುವ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು.

“ಎಲ್ಲದರಲ್ಲೂ ಗಂಜಿ ಒಣಗಿದ ಹಾಗೆ ಕಲೆ ಮಾರಾಯ್ತಿ. ಜನ ಬರುವಾಗ ನಾಚಿಕೆ ಅಲ್ವಾ? ಸೋಪು ಹಾಕಿ ತೊಳೆದೆ.”

ಮೂರು ವಾರದ ಕೆಲಸ. ಒಂದೊಂದು ಪಟ್ಟಿಯನ್ನೂ ಬೆಳಕಿಗೆ ಹಿಡಿದು ನೋಡಿದೆ, ಒಂದು ಕಲೆಯೂ ಉಳಿದಿರಲಿಲ್ಲ. ಅಷ್ಟರಲ್ಲಿ ಅವರು ಹೇಳಿದ್ದು ತಲೆಗೆ ಹೊಕ್ಕಿತು. ಗಂಜಿ! ಅದೂ ಪಿಷ್ಟದ ನೀರೇ ಅಲ್ಲವೇ?

“ಅಕ್ಕ, ಬುತ್ತಿಯಲ್ಲಿ ಗಂಜಿ ಉಂಟಾ? ಉಪ್ಪು ಹಾಕಿದ್ದೀರಾ?”

“ಹಾಕದೆ ಉಣ್ಣುವುದು ಹೇಗೆ? ಹಸಿವಾಯ್ತಾ? ತಟ್ಟೆ ತರ್ತೇನೆ.”

“ತಟ್ಟೆ ಬೇಡ. ಒಂದು ಹನಿ ತಿಳಿ ಸಾಕು.”

“ಒಂದು ಹನಿಯಲ್ಲಿ ನಿನ್ನ ಹೊಟ್ಟೆಯ ಯಾವ ಮೂಲೆ ತುಂಬ್ತದೆ?”

ಹನಿಯನ್ನು ಬಿಸಿ ದೀಪದಡಿ ಇಟ್ಟು, ಮೈಕ್ರೋಸ್ಕೋಪನ್ನು ಪ್ರೊಜೆಕ್ಟರಿಗೆ ಜೋಡಿಸಿದೆ. ಬಂದವರು ಒಂಬತ್ತು ಮಂದಿ. ಗೋಡೆಯ ಮೇಲೆ ಬರೀ ಮಂಕು ನೀರು ಕಂಡು ಇಬ್ಬರು ಎದ್ದು ಹೋದರು. ೧೦.೧೨ಕ್ಕೆ ಅಂಚಿನಲ್ಲಿ ಒಂದು ಬಿಳಿ ಮುಳ್ಳು ಎದ್ದಿತು. ಅದರ ಮೈಯಿಂದ ಇನ್ನೊಂದು, ಅದರಿಂದ ಮತ್ತೆರಡು. ಒಂದೊಂದು ಕವಲೂ ನಮ್ಮ ಕಣ್ಣೆದುರೇ ಹನಿಯ ಒಳಕ್ಕೆ ಚಾಚುತ್ತಿತ್ತು. ಇಂಥದ್ದನ್ನು ನನ್ನ ಮುದ್ರಿತ ಚಿತ್ರಗಳು ಎಂದೂ ತೋರಿಸಿರಲಿಲ್ಲ.

“ಅದು ನನ್ನ ಗಂಜಿ!” ಅಕ್ಕ ಪೊರಕೆ ಹಿಡಿದೇ ಕೂಗಿದರು.

ಹೊರಗೆ ಬಸ್ಸಿನ ಹಾರ್ನ್ ಕೇಳಿತು. ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಜ್ಜನೊಬ್ಬರಿಗೆ ಯಾರೋ ಹೇಳಿದರು, “ಅಜ್ಜಾ, ನಿಮ್ಮ ಮೂಡುಬಿದಿರೆ ಬಸ್ಸು.”

“ಹೋಗ್ಲಿ. ಈ ಕಡೆಯ ಕವಲು ಆ ಕಡೆಯದ್ದಕ್ಕೆ ಮುಟ್ತದಾ ಇಲ್ವಾ, ನೋಡುವ.”

ನಾನು ಗಡಿಯಾರ ನೋಡುತ್ತಿದ್ದೆ. ಐದು ನಿಮಿಷ ದಾಟಿತು, ಹತ್ತೂ ದಾಟಿತು. ಎರಡು ಕವಲುಗಳು ಕೂದಲೆಳೆಯಷ್ಟು ಜಾಗ ಬಿಟ್ಟು ನಿಂತುಬಿಟ್ಟವು. “ಛೆ!” ಎಂದು ಇಡೀ ಹಾಲ್ ಒಟ್ಟಿಗೆ ಉದ್ಗರಿಸಿತು. ಅಜ್ಜ ನನ್ನತ್ತ ತಿರುಗಿ, “ಯಾಕೆ ಮುಟ್ಲಿಲ್ಲ?” ಎಂದರು.

“ಅದನ್ನೇ ನಾವೂ ಹುಡುಕ್ತಾ ಇರುವುದು ಅಜ್ಜಾ.”

“ಹಾಗಾದ್ರೆ ಇನ್ನೊಂದು ಹನಿ ಹಾಕು.”

ಮಧ್ಯಾಹ್ನ ಸರ್‌ಗೆ ಫೋನ್ ಮಾಡಿ ಲೆಕ್ಕ ಒಪ್ಪಿಸಿದೆ: ಅಜ್ಜ ೩೧ ನಿಮಿಷ, ಬಿಟ್ಟ ಬಸ್ಸು ಎರಡು. ಅವರು ನಗುತ್ತಾ, “ಬೆಳ್ತಂಗಡಿಗೆ ಯಾವಾಗ ಬೇಕು, ಹೇಳು,” ಎಂದರು.

ಬುಧವಾರ ಬೆಳ್ತಂಗಡಿಗೆ ಹೊರಟಾಗ ನನ್ನ ಚೀಲದಲ್ಲಿ ಮೈಕ್ರೋಸ್ಕೋಪಿನ ಜೊತೆ ಇದ್ದದ್ದು ಖಾಲಿ ಗಾಜಿನ ಪಟ್ಟಿಗಳು ಮಾತ್ರ. ಅಕ್ಕ ಸೋಪು ಹಾಕಿ ತೊಳೆದುಕೊಟ್ಟವು.