ಒಲೆಯ ಮುಂದಿನ ಆತ್ಮಾವಲೋಕನ

ಐವತ್ತರ ದಶಕವನ್ನೆಲ್ಲ ನಾನು ಭದ್ರಾವತಿಯಲ್ಲಿ, ಕಾರ್ಖಾನೆ ಗೇಟಿನ ಎದುರಿನ ಒಂದು ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಾ ಕಳೆದೆ. ಕಾರ್ಖಾನೆಗೆ ಆಕಾಶದೆತ್ತರದ ಹೊಗೆಗೂಡು. ನಮ್ಮ ಅಡುಗೆಮನೆಗೆ ಇದ್ದದ್ದು ಒಂದೇ ಬಾಗಿಲು, ಹೊಗೆಗೂ ನಮಗೂ ಸೇರಿ. ಒಲೆಯ ಮುಂದಿನ ಭಟ್ಟರ ಕಣ್ಣಲ್ಲಿ ಸದಾ ನೀರು. ಇಡ್ಲಿ ಬೆಂದಿದೆಯೋ ಇಲ್ಲವೋ ಎಂದು ಮುಟ್ಟಿಯೇ ನೋಡುತ್ತಿದ್ದರು.

"ಹೀಗೇ ಆದ್ರೆ ಕಣ್ಣು ಪೂರ್ತಿ ಹೋಗುತ್ತೆ. ಆಮೇಲೆ ನನ್ನ ಯಾರು ಇಟ್ಕೋತಾರೆ, ಮಾರಾಯ?" ಎನ್ನುತ್ತಿದ್ದರು.

ಗಲ್ಲಾದಲ್ಲಿ ಕೂರುವ ಯಜಮಾನರು ಅಡುಗೆಮನೆಗೆ ಕಾಲಿಟ್ಟವರೇ ಅಲ್ಲ. ಅವರೊಮ್ಮೆ ಶಿವಮೊಗ್ಗಕ್ಕೆ ಹೋಗಿ ಯಾರದೋ ಭಾಷಣ ಕೇಳಿ ಬಂದರು. ಮಾಡಿದ ಕೆಲಸವನ್ನು ದಿನವೂ ಕೂತು ಯೋಚಿಸಿದರೆ ಹೊಸ ದಾರಿ ಹೊಳೆಯುತ್ತದಂತೆ. ಸರಿ, ಮರುದಿನದಿಂದಲೇ ಶುರು! ಬಾಗಿಲು ತೆರೆಯುವ ಮುಂಚೆ ಎಲ್ಲರೂ ಫ್ಯಾನಿನ ಕೆಳಗೆ, ಗಿರಾಕಿಗಳ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂರಬೇಕು. ಸಪ್ಲೈಯರುಗಳು ಎಷ್ಟು ಆಳವಾಗಿ ಯೋಚಿಸಿದರೆಂದರೆ, ಒಬ್ಬನ ಗೊರಕೆ ಬೀದಿಗೆ ಕೇಳುತ್ತಿತ್ತು. ಎಚ್ಚರವಿದ್ದವರು ಪಕ್ಕದವನ ತಪ್ಪು ಹೇಳಿದರು. ಭಟ್ಟರು ಮಾತ್ರ, "ಅಡುಗೆಮನೆಗೊಂದು ಹೊಗೆಗೂಡು ಕಟ್ಟಿಸಿ ಸ್ವಾಮಿ" ಎಂದರು.

"ನಿಮ್ಮ ತಪ್ಪು ಹುಡುಕ್ರೀ ಅಂದ್ರೆ ನನ್ನ ಕಟ್ಟಡದ ತಪ್ಪು ಹುಡುಕ್ತೀರಲ್ರೀ ಭಟ್ರೇ!" ಎಂದು ಯಜಮಾನರು ಗದರಿದರು. ಭಟ್ಟರು ಮಾಡುತ್ತಿದ್ದ ತಪ್ಪೆಂದರೆ ಉಸಿರಾಡುವುದೊಂದೇ.

ಮರುದಿನ ಭಟ್ಟರು ಒಲೆ ಬಿಟ್ಟು ಏಳಲಿಲ್ಲ. "ನಾನು ಎದ್ರೆ ಸಾಂಬಾರು ತಳ ಹಿಡಿಯುತ್ತೆ. ಸೈರನ್ ಆದ ಕೂಡ್ಲೆ ಜನ ನುಗ್ತಾರೆ. ನೀವೇ ಇಲ್ಲಿಗೆ ಬನ್ನಿ, ಯೋಚನೆ ಇಲ್ಲೇ ಮಾಡೋಣ" ಎಂದು ಹೇಳಿ ಕಳಿಸಿದರು.

ಸಭೆ ತಪ್ಪಿಸಲು ಯಜಮಾನರಿಗೆ ಮನಸ್ಸಿಲ್ಲ. ಬಿಳಿ ಪಂಚೆ ಎತ್ತಿಕೊಂಡು ಬಂದು ನನ್ನ ಮಣೆಯ ಮೇಲೆ ಕೂತರು. ನಾನು ಹುಡುಕಿ ಹುಡುಕಿ ಹಸಿ ಸೌದೆಯನ್ನೇ ಒಲೆಗೆ ತುರುಕಿದೆ. ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಯಜಮಾನರ ಭಾಷಣ ಎರಡು ಮಾತು ದಾಟುವಷ್ಟರಲ್ಲಿ ಕೆಮ್ಮು ಹತ್ತಿತು. ಕಣ್ಣು ಮೂಗು ಸುರಿಸುತ್ತಾ ಬೀದಿಗೆ ಓಡಿದರು. ಹೊರಗೆ ಕಾಯುತ್ತಿದ್ದ ಕಾರ್ಮಿಕರು ಗಾಬರಿಯಾಗಿ, "ಏನ್ ಸ್ವಾಮಿ, ಮನೇಲಿ ಯಾರಿಗಾದ್ರೂ ಏನಾದ್ರೂ ಆಯ್ತಾ?" ಎಂದು ಸುತ್ತುವರಿದರು.

ಆ ವಾರವೇ ಗಾರೆಯವನು ಬಂದ, ಹೊಗೆಗೂಡು ಎದ್ದಿತು. ಕಣ್ಣು ಮುಚ್ಚಿ ಕೂತಾಗ ತಮಗೇ ಹೊಳೆದದ್ದೆಂದು ಯಜಮಾನರು ಗಿರಾಕಿಗಳಿಗೆಲ್ಲ ಹೇಳಿಕೊಂಡರು. ಹೇಳಿಕೊಳ್ಳಲಿ ಬಿಡಿ, ನಮ್ಮ ಗಂಟೇನು ಹೋಯಿತು?

ಹೊಗೆಯಿಲ್ಲದ ಮೊದಲ ಬೆಳಗ್ಗೆ ಭಟ್ಟರು ಕಣ್ಣೊರೆಸಿಕೊಂಡು ನನ್ನನ್ನೇ ನೋಡುತ್ತಾ ನಿಂತುಬಿಟ್ಟರು.

"ಅಯ್ಯೋ ಮಾರಾಯ, ನಿನ್ನ ತಲೆ ಯಾವಾಗ ಇಷ್ಟು ನರೆತಿದ್ದು?"