ಶೆಲ್ ಕಾರ್ಖಾನೆಯ ವರ್ನಾ

ಡ್ರೇಕ್ಸ್‌ಟನ್ನಿನ ಶೆಲ್ ಕಾರ್ಖಾನೆಯಲ್ಲಿ ವರ್ನಾ ಹ್ರುಸ್ಕಾ ಇಪ್ಪತ್ತೊಂಬತ್ತು ವರ್ಷ ಉಕ್ಕು ಕಡೆಯುವ ಲೇತ್ ಯಂತ್ರದ ಮುಂದೆ ನಿಂತು ದುಡಿದಳು. ಪೆನ್ಸಿಲ್ವೇನಿಯಾದ ನಮ್ಮ ಈ ಊರಿನಲ್ಲಿ ಕಲ್ಲಿದ್ದಲು ಗಣಿ ಮುಚ್ಚಿತು, ರೇಷ್ಮೆ ಗಿರಣಿ ಮುಚ್ಚಿತು, ಕೊನೆಗೆ ಚಪ್ಪಲಿ ಅಂಗಡಿಯೂ ಬಾಗಿಲು ಹಾಕಿತು. ಉಳಿದದ್ದು ಸೈನ್ಯಕ್ಕೆ ಫಿರಂಗಿ ಶೆಲ್ ಮಾಡಿಕೊಡುವ ಈ ಕಾರ್ಖಾನೆಯೊಂದೇ. ಯಾರಾದರೂ ಕೆದಕಿದರೆ ಊರವರ ಉತ್ತರ ನಾಲಗೆಯ ತುದಿಯಲ್ಲಿರುತ್ತಿತ್ತು: “ನಾವು ಬರೀ ಉಕ್ಕಿನ ಚಿಪ್ಪು ಮಾಡೋದಪ್ಪಾ, ಮದ್ದು ತುಂಬೋರು ಬೇರೆ ಊರೋರು.” ವರ್ನಾಳೂ ಹಾಗೇ ಹೇಳುತ್ತಿದ್ದಳು, ಹೇಳಿ ನೆಮ್ಮದಿಯಾಗಿದ್ದಳು.

ಅವಳ ಗಂಡ ಎಮಿಲ್‌ಗೆ ರಕ್ತದ ಕ್ಯಾನ್ಸರ್. ಅವನ ಮಾತ್ರೆಗಳಿಗೆ ಅವಳ ಸಂಬಳವಿಡೀ ಸಾಲುತ್ತಿರಲಿಲ್ಲ. ಕಾರ್ಖಾನೆ ತನ್ನ ಕೆಲಸದವರ ಮನೆಯವರಿಗೂ ಕೊಡುವ ಆರೋಗ್ಯ ವಿಮೆಯಿಂದಲೇ ಅವನು ಉಸಿರಾಡಿಕೊಂಡಿದ್ದ. ೨೦೦೪ರಲ್ಲಿ ಅರ್ಧ ಜನರನ್ನು ಮನೆಗೆ ಕಳಿಸುತ್ತಾರೆಂಬ ಗುಲ್ಲೆದ್ದಾಗ ವರ್ನಾಳಿಗೆ ಊಟ ಸೇರದಾಯಿತು. ಅಷ್ಟರಲ್ಲಿ ಇರಾಕಿನ ಯುದ್ಧ ಸದ್ಯಕ್ಕೆ ಮುಗಿಯುವುದಿಲ್ಲವೆಂದು ಸೈನ್ಯದಿಂದ ಮೂರು ವರ್ಷದ ಆರ್ಡರ್ ಬಂತು.

“ಯುದ್ಧ ನಿಂತ್ರೆ ನನ್ ಕಥೇನೂ ಮುಗೀತು ಕಣೇ. ಚೆನ್ನಾಗಿ ನಡೀಲಿ ಅಂತ ಬೇಡ್ಕೋ,” ಎಂದು ಎಮಿಲ್ ನಕ್ಕ.

ಆ ಯುದ್ಧ ಬೇಕೇ ಬೇಕೆಂದು ಟಿವಿಯಲ್ಲಿ ಮೇಜು ಗುದ್ದಿದ ದೊಡ್ಡವರ ಮಕ್ಕಳು ನಮ್ಮ ಕುಲುಮೆಯ ಮುಂದೆ ಬೆವರಿದವರೂ ಅಲ್ಲ, ಅಲ್ಲಿಗೆ ಹೋಗಿ ಸತ್ತವರೂ ಅಲ್ಲ. ಲಾಭ ಅವರಿಗೆ, ಮಾತ್ರೆ ನಮಗೆ. ಅದಕ್ಕೂ ನಾವು ಕೈಮುಗಿದೆವಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ.

ನಮ್ಮ ಚರ್ಚಿನಲ್ಲಿ ಪ್ರತಿ ಭಾನುವಾರ ಪ್ರಾರ್ಥನೆಗೆ ಮುಂಚೆ ಒಬ್ಬೊಬ್ಬರೇ ಎದ್ದು ತಮ್ಮ ಸಂತೋಷ, ಸಂಕಟ ಹೇಳಿಕೊಳ್ಳುತ್ತಾರೆ. ಪಾದ್ರಿ ಎಲ್ಲವನ್ನೂ ಸೇರಿಸಿ ದೇವರಿಗೆ ಒಪ್ಪಿಸುತ್ತಾರೆ. ಆ ವಾರ ವರ್ನಾ ಎಲ್ಲರಿಗಿಂತ ಮೊದಲು ಎದ್ದಳು. “ಮೂರು ವರ್ಷದ ಆರ್ಡರ್ ಸಿಕ್ತು. ನನ್ನ ಎಮಿಲ್ ಉಳಿದ. ದೇವರು ದೊಡ್ಡೋನು!” ಜನ ಚಪ್ಪಾಳೆ ತಟ್ಟಿದರು.

ಅವಳ ಮಗ್ಗುಲಲ್ಲೇ ಕೂತಿದ್ದವಳು ನಹ್ರೀನ್. ಅದಕ್ಕೆ ಹನ್ನೆರಡು ವರ್ಷ ಮುಂಚೆ ಇರಾಕಿನ ಮೋಸುಲ್‌ನಿಂದ ಬಂದ ಕ್ರೈಸ್ತಳು, ವರ್ನಾಳ ಪಕ್ಕದ ಮನೆಯವಳು, ಮೋಟೆಲಿನಲ್ಲಿ ಕೋಣೆ ಗುಡಿಸುತ್ತಿದ್ದವಳು. ಎಮಿಲ್ ಮೊದಲು ಹಾಸಿಗೆ ಹಿಡಿದಾಗ ಚಳಿಗಾಲವಿಡೀ ವರ್ನಾಳ ಅಂಗಳದ ಹಿಮ ಎತ್ತಿಹಾಕಿದ್ದಳು. ಅವಳು ನಿಧಾನವಾಗಿ ಎದ್ದು ನಿಂತಳು. “ಬುಧವಾರ ಮೋಸುಲ್‌ನಲ್ಲಿ ನಮ್ಮಣ್ಣನ ಮನೆ ಮೇಲೆ ಶೆಲ್ ಬಿತ್ತು. ಅಣ್ಣ, ಅವನ ಇಬ್ಬರು ಹೆಣ್ಣುಮಕ್ಕಳು ಹೋದ್ರು. ಅವರಿಗೋಸ್ಕರ ಬೇಡ್ಕೊಳ್ಳಿ.”

ಪಾದ್ರಿ ಆರ್ಡರನ್ನೂ ಆ ಮೂರು ಜೀವಗಳನ್ನೂ ಒಂದೇ ಪ್ರಾರ್ಥನೆಯಲ್ಲಿ ಸೇರಿಸಿಬಿಟ್ಟರು. ವರ್ನಾ ತಲೆ ಎತ್ತಲಿಲ್ಲ. ಮದ್ದು ತುಂಬೋರು ಬೇರೆಯವರು ಎಂಬ ಮಾತು ಅವಳ ಸಹಾಯಕ್ಕೆ ಬರಲಿಲ್ಲ.

ಕ್ಷಮೆ ಕೇಳಬೇಕೆಂದು ಎರಡು ವಾರ ಒದ್ದಾಡಿದಳು. ಬೇಲಿಯ ತನಕ ಹೋಗುವುದು, ವಾಪಸು ಬರುವುದು. ಕೊನೆಗೆ ನಹ್ರೀನಳೇ ಬಂದು ಅಡುಗೆಮನೆಯಲ್ಲಿ ಕೂತಳು.

“ಕಾರ್ಖಾನೆಗೆ ಜನ ತಗೋತಿದಾರಂತೆ. ಒಳಗಿನವರು ಹೇಳಿದ್ರೇನೇ ಆಗೋದಂತೆ. ನನ್ ಹೆಸರು ಹೇಳ್ತೀಯಾ?”

ವರ್ನಾ ದಂಗಾದಳು. “ನೀನಾ? ಅಲ್ಲಿಗಾ?”

“ನಂಗೆ ಸಕ್ಕರೆ ಕಾಯಿಲೆ, ವರ್ನಾ. ಮೋಟೆಲ್ನೋರು ವಿಮೆ ಕೊಡಲ್ಲ. ಇನ್ಸುಲಿನ್ನ ಅರ್ಧರ್ಧ ಹಾಕ್ಕೊಂಡು ಎಷ್ಟು ದಿನ ಇರ್ಲಿ?”

ವರ್ನಾ ಶಿಫಾರಸು ಕೊಟ್ಟಳು. ನಹ್ರೀನ್‌ಗೆ ಸಿದ್ಧವಾದ ಶೆಲ್‌ಗಳನ್ನು ತೂಗುವ ಕೆಲಸ ಸಿಕ್ಕಿತು. ಮೊದಲ ದಿನ ಇಬ್ಬರೂ ವರ್ನಾಳ ಕಾರಿನಲ್ಲೇ ಹೊರಟರು. ಗೇಟಿನ ಹತ್ತಿರ ವರ್ನಾ ಗಾಡಿ ನಿಲ್ಲಿಸಿ ಬಾಯಿ ತೆರೆದಳು: “ನಹ್ರೀನ್, ಆವತ್ತು ಚರ್ಚಲ್ಲಿ ನಾನು...”

“ಬೇಡ,” ಎಂದಳು ನಹ್ರೀನ್, ಗೇಟನ್ನೇ ನೋಡುತ್ತ. “ಆ ಮಾತು ನೀನಾಡಿದ್ರೆ ನಾನು ಒಳಗೆ ಕಾಲಿಡೋಕಾಗಲ್ಲ. ನಂಗೆ ಈ ಕೆಲ್ಸ ಬೇಕು.”

ಏಳು ವರ್ಷ ಅವರು ಅದೇ ಕಾರಿನಲ್ಲಿ ಹೋಗಿಬಂದರು. ಹವಾಮಾನ, ಸೊಂಟನೋವು, ಎಮಿಲ್‌ನ ಸಾವು, ಎಲ್ಲ ಮಾತಾಡಿದರು. ಅದೊಂದನ್ನು ಬಿಟ್ಟು. ನಹ್ರೀನ್ ಈಗಿಲ್ಲ. “ಒಂದ್ಸಲ ನನ್ನ ಬೈದಾದ್ರೂ ಬೈಬೋದಿತ್ತು,” ಎನ್ನುತ್ತಾಳೆ ವರ್ನಾ. ಆದರೆ ಬೈಯುವಷ್ಟು ಅನುಕೂಲ ಆ ಹೆಂಗಸಿಗೆ ಯಾವತ್ತೂ ಇರಲಿಲ್ಲ.